ಮೊದಲ ಹೆಜ್ಜೆ ಯಾವುದು?

ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸುವವರಿಗೆ ಮೊದಲು ಏನು, ಅನಂತರ ಏನು ಎಂಬುದೇ ಕಠಿಣವಾದ ಪ್ರಶ್ನೆ. ಅಮೆರಿಕದ ಸೇನೆಯಲ್ಲಿದ್ದ ಕ್ರಿಸ್ಟೀನ್ ಜಾರ್ಗೆನ್ಸನ್ 1950ರಲ್ಲಿ ಡೆನ್ಮಾರ್ಕಿಗೆ ತೆರಳಿದಾಗ, ಡಾಕ್ಟರ್ ಹ್ಯಾಂಬರ್ಗರ್ ಮೊದಲು ಆರಂಭಿಸಿದುದು ಹಾರ್ಮೋನು ಚಿಕಿತ್ಸೆಯನ್ನು. ಔಷಧವನ್ನು ನಡುವೆ ನಿಲ್ಲಿಸಬಹುದು. ಶಸ್ತ್ರ ಮಾಡಿದುದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಸರ್ಕಾರದ ಅನುಮತಿ ದೊರೆತ ಬಳಿಕ, 1951ರ ಸೆಪ್ಟೆಂಬರಿನಲ್ಲಿ, ಮೊದಲ ಶಸ್ತ್ರಚಿಕಿತ್ಸೆ ನಡೆಯಿತು.

1952ರಲ್ಲಿ ಹೊಸ ಹೆಸರಿನ ಪಾಸ್‌ಪೋರ್ಟು ಕೈಸೇರಿತು. ಆಗ ಆಕೆ ತಂದೆತಾಯಿಗಳಿಗೆ ಎಲ್ಲವನ್ನೂ ಬರೆದು ತಿಳಿಸಿದಳು. ಅವರು ಮಗಳನ್ನು ಕೈಬಿಡಲಿಲ್ಲ. ಅದೇ ಡಿಸೆಂಬರಿನಲ್ಲಿ ಪತ್ರಿಕೆಗಳು ಸುದ್ದಿಯನ್ನು ಜಗತ್ತಿಗೇ ಸಾರಿದುವು.

ಆದರೂ ಒಂದು ಹೆಜ್ಜೆ ಉಳಿದಿತ್ತು. 1959ರಲ್ಲಿ ಆಕೆಗೆ ಮದುವೆಯ ಪರವಾನಗಿ ದೊರೆಯಲಿಲ್ಲ. ಜನನಪತ್ರ ಇನ್ನೂ ‘ಗಂಡು’ ಎನ್ನುತ್ತಿತ್ತು. ದೇಹದ ಚಿಕಿತ್ಸೆಯಷ್ಟೇ ಕಾಗದದ ತಿದ್ದುಪಡಿಯೂ ಮುಖ್ಯವೆಂಬುದನ್ನು ಆಕೆಯ ಬಾಳು ತೋರಿಸಿಕೊಟ್ಟಿತು.