‘ಕಂಠಪೂರ್ತಿ’ ಅಂದ್ರೆ ಎಷ್ಟು?

ಕಳೆದ ಸೆಮಿಸ್ಟರ್‌ನ ಕೊನೆ ಪರೀಕ್ಷೆ ಮುಗಿದ ರಾತ್ರಿ ನಮ್ಮ ಗೆಳೆಯನೊಬ್ಬನನ್ನು ಎರಡೂ ಕಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದೆವು. ಹಾಸಿಗೆ ಮೇಲೆ ಅಂಗಾತ ಮಲಗಿಸಿ, ಲೈಟ್ ಆಫ್ ಮಾಡಿ, “ಬೆಳಗ್ಗೆ ಸರಿ ಹೋಗ್ತಾನೆ ಬಿಡು” ಅಂತ ನಮ್ಮ ನಮ್ಮ ರೂಮಿಗೆ ಹೋದೆವು. ಅರ್ಧ ಗಂಟೆ ಬಿಟ್ಟು ನಮ್ಮಲ್ಲೊಬ್ಬ ಫೋನ್ ಚಾರ್ಜರ್ ತರೋಕೆ ಅಂತ ವಾಪಸ್ ಹೋದ. ಗೆಳೆಯ ಮಲಗಿದ್ದಲ್ಲೇ ವಾಂತಿ ಮಾಡಿಕೊಂಡಿದ್ದ, ಗಂಟಲಿಂದ ಗೊರಗೊರ ಸದ್ದು ಬರ್ತಿತ್ತು, ಕರೆದರೆ ಏಳ್ತಿರಲಿಲ್ಲ. ತಕ್ಷಣ ಪಕ್ಕಕ್ಕೆ ಹೊರಳಿಸಿದ್ದರಿಂದ ಉಸಿರು ಸರಿಯಾಯಿತು. ನಾವು ಬುದ್ಧಿವಂತರಾಗಿದ್ದಕ್ಕೆ ಅವನು ಉಳಿದಿದ್ದಲ್ಲ. ಚಾರ್ಜರ್ ಮರೆತಿದ್ದಕ್ಕೆ ಉಳಿದ.

ಈ ಲೇಖನ ಮೊದಲು ಓದಿದ್ದು ಅವನೇ. “ಹೆಸರೊಂದು ಹಾಕಬೇಡಿ, ಮಿಕ್ಕಿದ್ದೆಲ್ಲ ಹಾಕಿ” ಅಂದ.

ಮಾರನೇ ದಿನ ಕ್ಯಾಂಟೀನಿನಲ್ಲಿ ಇದೇ ಚರ್ಚೆ. ಅವನು ಕುಡಿದಿದ್ದು ಒಂದೂವರೆ ಕ್ವಾರ್ಟರ್ ವಿಸ್ಕಿ, ಎರಡು ಗಂಟೆಯೊಳಗೆ. “ಅದೇನ್ ಜಾಸ್ತಿನಾ?” ಅಂತ ಒಬ್ಬ. “ಅವನಿಗೆ ಅಭ್ಯಾಸ ಇಲ್ಲ, ಅದಕ್ಕೇ” ಅಂತ ಇನ್ನೊಬ್ಬ. ಕನ್ನಡದಲ್ಲಿ ‘ಕಂಠಪೂರ್ತಿ ಕುಡಿದ’ ಅಂತೀವಲ್ಲ, ಇಂಗ್ಲಿಷಿನವರು ಬಿಂಜ್ ಡ್ರಿಂಕಿಂಗ್ ಅನ್ನೋದು ಹೆಚ್ಚುಕಡಿಮೆ ಅದನ್ನೇ. ಆದರೆ ಕಂಠದ ತನಕ ಅಂದ್ರೆ ಎಷ್ಟು? ಇಂಜಿನಿಯರಿಂಗ್ ಓದ್ತಿರೋ ನಾವ್ಯಾರೂ ಒಂದು ನಂಬರ್ ಹೇಳಲಿಲ್ಲ. ಹಾಗಾಗಿ ಕೂತು ಲೆಕ್ಕ ಮಾಡಿದೆವು.

ನಂಬರ್ ಇದೆ

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದು: ಕಳೆದ 30 ದಿನಗಳಲ್ಲಿ ಒಂದೇ ಒಂದು ಸಲವಾದರೂ, ಒಂದೇ ಕೂತಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುದ್ಧ ಆಲ್ಕೋಹಾಲ್ ಕುಡಿದಿದ್ದರೆ ಅದು ವಿಪರೀತ ಕುಡಿತ. ಅಮೆರಿಕದ ಆಲ್ಕೋಹಾಲ್ ಸಂಶೋಧನಾ ಸಂಸ್ಥೆಯವರು ರಕ್ತದಿಂದ ಅಳೆಯುತ್ತಾರೆ. 100 ಎಂ.ಎಲ್. ರಕ್ತದಲ್ಲಿ 80 ಮಿಲಿಗ್ರಾಂ ಆಲ್ಕೋಹಾಲ್ ಮುಟ್ಟುವಷ್ಟು ಕುಡಿದರೆ ಬಿಂಜ್. ಸಾಮಾನ್ಯವಾಗಿ ಸುಮಾರು ಎರಡು ಗಂಟೆಯಲ್ಲಿ ಗಂಡಸರಿಗೆ 5 ಡ್ರಿಂಕ್, ಹೆಂಗಸರಿಗೆ 4 ಡ್ರಿಂಕ್ ಆದರೆ ಆ ಮಟ್ಟ ಬರುತ್ತದೆ.

ಇಲ್ಲೇ ನಮಗೆ ಕನ್ಫ್ಯೂಸ್ ಆಗಿದ್ದು. “ಐದು ಡ್ರಿಂಕಾ? ನಾವು ಮೂರರ ಮೇಲೆ ಹೋಗಲ್ಲ” ಅಂತ ಎಲ್ಲರೂ ಹೇಳೋರೇ. ಆದರೆ ಅವರ ಒಂದು ಡ್ರಿಂಕ್ ಅಂದರೆ 14 ಗ್ರಾಂ ಆಲ್ಕೋಹಾಲ್. ನಮ್ಮ ಒಂದು ‘ಲಾರ್ಜ್’ ಎಷ್ಟು?

ಲೆಕ್ಕ ಸುಲಭ. ನಮ್ಮಲ್ಲಿ ಸಿಗೋ ವಿಸ್ಕಿ, ರಮ್, ಬ್ರಾಂಡಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಅಂತ ಬರೆದಿರುತ್ತೆ. ಅದು ಗಾತ್ರದ ಲೆಕ್ಕ. ಆಲ್ಕೋಹಾಲಿನ ಸಾಂದ್ರತೆ ಎಂ.ಎಲ್.ಗೆ 0.789 ಗ್ರಾಂ. ಅಲ್ಲಿಗೆ,

30 ಎಂ.ಎಲ್. ಪೆಗ್: ಸುಮಾರು 10 ಗ್ರಾಂ
60 ಎಂ.ಎಲ್. ಲಾರ್ಜ್: ಸುಮಾರು 20 ಗ್ರಾಂ
180 ಎಂ.ಎಲ್. ಕ್ವಾರ್ಟರ್: ಸುಮಾರು 61 ಗ್ರಾಂ
650 ಎಂ.ಎಲ್. ಬಿಯರ್, 5%: ಸುಮಾರು 26 ಗ್ರಾಂ
650 ಎಂ.ಎಲ್. ಸ್ಟ್ರಾಂಗ್ ಬಿಯರ್, 8%: ಸುಮಾರು 41 ಗ್ರಾಂ

ಕ್ವಾರ್ಟರ್ ಸಾಲನ್ನು ಇನ್ನೊಮ್ಮೆ ನೋಡಿ. ‘ಒಂದು ಕ್ವಾರ್ಟರ್ ಅಷ್ಟೇ’ ಅಂತ ನಾವು ಯಾವುದಕ್ಕೆ ಹೇಳ್ತೀವೋ ಅದೇ 60 ಗ್ರಾಂ ಗೆರೆ. ಸ್ಟ್ರಾಂಗ್ ಬಿಯರ್ ಆದ್ರೆ ಒಂದೂವರೆ ಬಾಟಲಿಗೇ ಗೆರೆ ಮುಟ್ಟಿತು. ‘ಬಿಯರ್ ತಾನೇ’ ಅನ್ನೋ ಮಾತಿಗೆ ಅರ್ಥ ಇಲ್ಲ. ನಮ್ಮ ಗೆಳೆಯ ಕುಡಿದ ಒಂದೂವರೆ ಕ್ವಾರ್ಟರ್ 91 ಗ್ರಾಂ.

ಇನ್ನೊಂದು ತಪ್ಪು ತಿಳುವಳಿಕೆ ಅಂದ್ರೆ ದಿನಾ ಕುಡಿಯೋರಿಗೆ ಮಾತ್ರ ಇದು ಅನ್ವಯ ಅನ್ನೋದು. ಅಲ್ಲ. ಚಟ ಬೇರೆ, ಬಿಂಜ್ ಬೇರೆ. 29 ದಿನ ಮುಟ್ಟದೆ ಫೆಸ್ಟ್ ದಿನ ಮಾತ್ರ ಕುಡಿಯೋನೂ ಆ ಒಂದು ರಾತ್ರಿಯ ಮಟ್ಟಿಗೆ ಈ ಲೆಕ್ಕಕ್ಕೆ ಸೇರ್ತಾನೆ. ಹಾಗಂತ 59 ಗ್ರಾಂ ಸೇಫ್ ಅಂತಲೂ ಅಲ್ಲ. ಯಾವ ಪ್ರಮಾಣವೂ ಸುರಕ್ಷಿತವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ರಕ್ತದಲ್ಲಿ ಏನಾಗುತ್ತೆ

ಕುಡಿದದ್ದು ರಕ್ತದಲ್ಲಿ ಎಷ್ಟಾಗುತ್ತೆ ಅಂತ ಅಂದಾಜು ಮಾಡೋಕೆ ವಿಡ್‌ಮಾರ್ಕ್ ಸೂತ್ರ ಅಂತ ಇದೆ. ಕುಡಿದ ಗ್ರಾಂಗಳನ್ನು ದೇಹದ ತೂಕದ ಒಂದು ಭಾಗದಿಂದ ಭಾಗಿಸಬೇಕು. ಗಂಡಸರಿಗೆ ಆ ಭಾಗ ಸುಮಾರು 0.68, ಹೆಂಗಸರಿಗೆ 0.55. ಆಲ್ಕೋಹಾಲ್ ದೇಹದ ನೀರಿನಲ್ಲಿ ಹರಡುತ್ತೆ, ಅದೇ ತೂಕದ ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಕಡಿಮೆ, ಅದಕ್ಕೇ ಈ ವ್ಯತ್ಯಾಸ. 65 ಕೆ.ಜಿ. ಹುಡುಗ ಒಂದು ಕ್ವಾರ್ಟರ್ ಕುಡಿದರೆ 100 ಎಂ.ಎಲ್. ರಕ್ತಕ್ಕೆ ಸುಮಾರು 140 ಮಿಲಿಗ್ರಾಂ. 50 ಕೆ.ಜಿ. ಹುಡುಗಿಗೆ ಅದೇ ಕ್ವಾರ್ಟರ್ 220. ಊಟ, ವೇಗ, ಆರೋಗ್ಯ ಎಲ್ಲ ಸೇರಿ ಹೆಚ್ಚುಕಡಿಮೆ ಆಗುತ್ತೆ, ಇದು ಅಂದಾಜು ಅಷ್ಟೇ. ನಮ್ಮ ದೇಶದಲ್ಲಿ ಗಾಡಿ ಓಡಿಸೋಕೆ ಕಾನೂನಿನ ಮಿತಿ 30.

ಇಳಿಯೋದು ಹೇಗೆ? ಇಲ್ಲಿದೆ ಮುಖ್ಯ ವಿಷಯ. ಆಲ್ಕೋಹಾಲನ್ನು ಒಡೆಯೋ ಕೆಲಸ ಬಹುಪಾಲು ಲಿವರಿನದು. ಅದಕ್ಕೆ ಬೇಕಾದ ಎಂಜೈಮ್ ಬೇಗ ಪೂರ್ತಿ ಬಿಜಿ ಆಗಿಬಿಡುತ್ತೆ. ಆಮೇಲೆ ಎಷ್ಟೇ ಸುರಿದರೂ ಇಳಿಯೋ ವೇಗ ಒಂದೇ, ಗಂಟೆಗೆ ಸುಮಾರು 15 ಮಿಲಿಗ್ರಾಂ. ಟ್ಯಾಂಕಿಗೆ ಮೇಲಿಂದ ಎರಡು ಇಂಚಿನ ಪೈಪಲ್ಲಿ ನೀರು ಬಿಡ್ತಿದ್ದೀವಿ, ಕೆಳಗೆ ಸಣ್ಣ ನಲ್ಲಿಯಲ್ಲಿ ಹನಿ ಹನಿ ಹೋಗ್ತಿದೆ ಅಂದ್ಕೊಳ್ಳಿ. ಬ್ಲ್ಯಾಕ್ ಕಾಫಿ, ನಿಂಬೆಹಣ್ಣು, ತಣ್ಣೀರು ಸ್ನಾನ, ಮಜ್ಜಿಗೆ ಯಾವುದೂ ಆ ನಲ್ಲಿಯನ್ನು ದೊಡ್ಡದು ಮಾಡಲ್ಲ. 140 ಇಳಿಯೋಕೆ ಒಂಬತ್ತು ಗಂಟೆಗೂ ಮೇಲೆ ಬೇಕು. ರಾತ್ರಿ ಹನ್ನೊಂದಕ್ಕೆ ಶುರು ಮಾಡಿದವನು ಬೆಳಗ್ಗೆ ಎಂಟರ ಲ್ಯಾಬಿಗೆ ಬೈಕಲ್ಲಿ ಬಂದರೂ ಪೂರ್ತಿ ಇಳಿದಿರಲ್ಲ. ನಮ್ಮ ಗೆಳೆಯನದು 200 ದಾಟಿತ್ತು. ಹದಿಮೂರು ಗಂಟೆಗೂ ಜಾಸ್ತಿ.

ಹಾಗೇ, ಕುಡಿಯೋದು ನಿಲ್ಲಿಸಿದ ತಕ್ಷಣ ಏರೋದು ನಿಲ್ಲಲ್ಲ. ಹೊಟ್ಟೆಯಲ್ಲಿ ಇರೋದು ರಕ್ತಕ್ಕೆ ಸೇರ್ತಾನೇ ಇರುತ್ತೆ. ಅಂದರೆ ನಾವು ಲೈಟ್ ಆಫ್ ಮಾಡಿದಾಗ ಅವನಿಗೆ ಇಳಿಯೋಕೆ ಶುರುವಾಗಿರಲಿಲ್ಲ, ಇನ್ನೂ ಏರ್ತಿತ್ತು. ಆಲ್ಕೋಹಾಲ್ ಮೆದುಳನ್ನು ಮಂದ ಮಾಡ್ತಾ ಹೋದಂತೆ ಗಂಟಲಿಗೆ ಏನಾದ್ರೂ ಬಂದರೆ ಕೆಮ್ಮಿ ತಳ್ಳೋ ಪ್ರತಿಕ್ರಿಯೆಯೂ ಮಂದವಾಗುತ್ತೆ, ಉಸಿರಾಟವೂ ನಿಧಾನವಾಗುತ್ತೆ. ‘ಮಲಗಿ ಎದ್ದರೆ ಸರಿಹೋಗುತ್ತೆ’ ಅನ್ನೋದು ಅದಕ್ಕೇ ಅಪಾಯ.

ಅವನಿಗೆ ಮೆಟ್ಟಿಲು ಹತ್ತಿದ್ದೂ ನೆನಪಿಲ್ಲ. ನಡೀತಾ ಮಾತಾಡ್ತಾ ಇದ್ದ, ಆದರೆ ಮೆದುಳು ರೆಕಾರ್ಡ್ ಮಾಡೋದನ್ನ ನಿಲ್ಲಿಸಿತ್ತು. ಇದನ್ನೇ ಬ್ಲ್ಯಾಕೌಟ್ ಅನ್ನೋದು. ನಾವು ಅದನ್ನ ಕಾಮಿಡಿ ಮಾಡಿ ನಗ್ತಿದ್ವಿ.

ರೂಮಿನಲ್ಲಿ ಏನು ಮಾಡಬೇಕು

ಕರೆದರೂ ಚಿವುಟಿದರೂ ಏಳದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡುತ್ತಿದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ಗ್ಯಾಪ್ ಬಂದರೆ, ಮೈ ತಣ್ಣಗಾಗಿ ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಪ್ರಜ್ಞೆ ಇಲ್ಲದೇ ವಾಂತಿ ಮಾಡಿದರೆ, ಇವುಗಳಲ್ಲಿ ಒಂದೇ ಕಂಡರೂ ಸಾಕು. 108ಕ್ಕೆ ಫೋನ್ ಮಾಡಿ. ಎಲ್ಲ ಲಕ್ಷಣ ಬರಲಿ ಅಂತ ಕಾಯಬೇಡಿ. ಆಂಬ್ಯುಲೆನ್ಸ್ ಬರೋ ತನಕ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಮೇಲಿನ ಕಾಲನ್ನು ಮಡಚಿ ಮುಂದಕ್ಕೆ ಇಡಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸ್ನಾನ ಮಾಡಿಸಬೇಡಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ.

ಆ ರಾತ್ರಿ ನಾವು ಫೋನ್ ಮಾಡಲಿಲ್ಲ. ಕಾರಣ ನಿಮಗೂ ಗೊತ್ತು. ವಾರ್ಡನ್‌ಗೆ ಗೊತ್ತಾದರೆ ಮನೆಗೆ ಫೋನ್ ಹೋಗುತ್ತೆ, ಹಾಸ್ಟೆಲ್ ಸೀಟ್ ಹೋಗಬಹುದು. ಆರು ಜನ ಅವನ ಮಂಚದ ಸುತ್ತ ಕೂತು, ಉಸಿರು ಎಣಿಸ್ತಾ, ಬೆಳಗಾಗಲಿ ಅಂತ ಕಾದೆವು. ಅವನಿಗೆ ಏನಾದ್ರೂ ಆಗಿದ್ದರೆ ಮನೆಗೆ ಫೋನ್ ಹೋಗ್ತಿರಲಿಲ್ವಾ? ಹೋಗ್ತಿತ್ತು. ನಾವೇ ಮಾಡಬೇಕಾಗ್ತಿತ್ತು. ಈಗ ನಮ್ಮ ಕಾರಿಡಾರಿನಲ್ಲಿ ಮಾತಾಗಿದೆ: ಇನ್ನೊಮ್ಮೆ ಹೀಗಾದರೆ ಮೊದಲು 108, ಆಮೇಲೆ ವಾರ್ಡನ್. ಬೈಗುಳ ಎಲ್ಲರೂ ಸೇರಿ ತಿನ್ನೋಣ.

ಕುಡಿಯೋದು ಕೈಮೀರ್ತಿದೆ ಅಂತ ಯಾರಿಗಾದ್ರೂ ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಪ್ರತ್ಯೇಕ ವಿಭಾಗವೂ ಇದೆ.

ಮುಂದಿನ ತಿಂಗಳು ಫೆಸ್ಟ್ ಇದೆ. ಕುಡಿಯಲೇಬೇಕು ಅಂತೇನೂ ಇಲ್ಲ. ‘ಬೇಡ’ ಅಂದವನಿಗೆ ಇನ್ನೊಂದು ಸಲ ಕೇಳಬೇಡಿ. ಕುಡಿಯೋರು ಇದ್ದರೆ ಬಾಟಲಿ ಮೇಲಿನ ಪರ್ಸೆಂಟ್ ನೋಡಿ, 0.789ರಿಂದ ಗುಣಿಸಿ. ಲೆಕ್ಕ ಮಾಡೋಕೆ ಆಗದಷ್ಟು ಆಗಿದ್ದರೆ, ಪಕ್ಕದಲ್ಲಿ ಕೂತಿರೋನು ಮಾಡಲಿ.