ಕೋವಿ ಅಭ್ಯಾಸಕ್ಕೆ ಗುರಿವಸ್ತುಗಳು: ಆಯ್ಕೆ ಮತ್ತು ತಯಾರಿಕೆ

ಆತ್ಮರಕ್ಷಣೆಗೆ ಅಥವಾ ಬೆಳೆ ರಕ್ಷಣೆಗೆ ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ವರ್ತಕರಿಗೂ ರೈತರಿಗೂ ಅಭ್ಯಾಸ ಅತ್ಯಗತ್ಯ. ಅಭ್ಯಾಸವಿಲ್ಲದವನ ಕೈಯ ಕೋವಿ ಮನೆಯವರಿಗೇ ಅಪಾಯಕಾರಿ. ಆದರೆ ಒಂದೇ ಕಾಗದದ ಹಲಗೆಗೆ ಗುಂಡು ಹಾರಿಸುವುದು ಬಹುಬೇಗ ಬೇಸರ ತರುತ್ತದೆ. ಗುರಿ ತಗುಲಿದೊಡನೆ ಕಣ್ಣೆದುರೇ ಸಿಡಿಯುವ ವಸ್ತುವಿದ್ದರೆ ಉತ್ಸಾಹವೂ ಉಳಿಯುತ್ತದೆ, ತಪ್ಪೊಪ್ಪುಗಳೂ ತಕ್ಷಣ ತಿಳಿಯುತ್ತವೆ. ಅಂತಹ ವಸ್ತುವನ್ನು ಆರಿಸುವಾಗ ಮೂರು ಪ್ರಶ್ನೆ ಕೇಳಬೇಕು: ಸುಲಭವಾಗಿ ಒಡೆಯುತ್ತದೆಯೇ? ಗುಂಡನ್ನು ಹಿಂದಕ್ಕೆ ಚಿಮ್ಮಿಸುವುದಿಲ್ಲವೇ? ಚೂರುಗಳು ನೆಲಕ್ಕೆ ಹಾನಿ ಮಾಡುವುದಿಲ್ಲವೇ?

ಮಣ್ಣಿಲ್ಲದ ಮಣ್ಣಿನ ಹಕ್ಕಿ

ವಿಶ್ವದಾದ್ಯಂತ ಬಳಕೆಯಲ್ಲಿರುವುದು 'ಕ್ಲೇ ಪಿಜನ್' ಎಂಬ ಬಿಲ್ಲೆ. ಹಿಂದೆ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುತ್ತಿದ್ದರು. ಆನಂತರ ಗಾಜಿನ ಗೋಲಿಗಳು ಬಂದವು. 1880ರಲ್ಲಿ ಅಮೆರಿಕದ ಜಾರ್ಜ್ ಲಿಗೋಸ್ಕಿ ಸುಟ್ಟ ಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದರು. ಸುಟ್ಟ ಮಣ್ಣು ಗಟ್ಟಿಯಾಗಿ ಸುಲಭವಾಗಿ ಒಡೆಯದ ಕಾರಣ ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರು ಜಾತಿಯ ಅಂಟಿನ ಮಿಶ್ರಣ ಬಳಕೆಗೆ ಬಂತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಅಂತಾರಾಷ್ಟ್ರೀಯ ಸ್ಪರ್ಧೆಯ ಬಿಲ್ಲೆಯ ವ್ಯಾಸ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಯಂತ್ರ ಬೀಸಿ ಎಸೆದಾಗ ಒಡೆಯಬಾರದು, ಒಂದೆರಡು ಚರೆ ತಗುಲಿದರೆ ಒಡೆಯಬೇಕು. ಈ ಎರಡರ ಸಮತೋಲನವೇ ತಯಾರಕರ ಕೌಶಲ. ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಬಣ್ಣದ ಪುಡಿ ತುಂಬಿದ ಬಿಲ್ಲೆಗಳನ್ನು ಬಳಸುವುದುಂಟು. ಗುರಿ ತಗುಲಿದರೆ ಆಕಾಶದಲ್ಲಿ ಬಣ್ಣ ಹರಡುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಪದಕ ಗೆದ್ದುದು ಇಂತಹ ಬಿಲ್ಲೆಗಳನ್ನು ಒಡೆದೇ.

ಅಗ್ಗದ, ಸ್ಥಳೀಯ ಗುರಿಗಳು

ಕರ್ನಾಟಕದ ಸ್ವಂತ ಮಾದರಿ ಕೊಡಗಿನದು. ಸೆಪ್ಟೆಂಬರ್ ಆರಂಭದ ಕೈಲ್ ಪೋಳ್ದ್ ಹಬ್ಬದಲ್ಲಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಮೈದಾನದಲ್ಲಿ ಹಿಂದೆ ಮಣ್ಣಿನ ದಿಬ್ಬವಿಟ್ಟುಕೊಂಡು ತೆಂಗಿನಕಾಯಿ, ಸಂತೆಯಲ್ಲಿ ಮಾರಾಟವಾಗದೆ ಉಳಿದ ಕುಂಬಳ, ಕಲ್ಲಂಗಡಿಗಳನ್ನು ಬಳಸಬಹುದು. ಸುಡದೆ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಬಿಲ್ಲೆಗಳು ಇನ್ನೂ ಉತ್ತಮ. ಮಳೆ ಬಂದರೆ ನೆಲದಲ್ಲಿ ಕರಗಿಹೋಗುತ್ತವೆ.

ಗಾಜಿನ ಬಾಟಲಿ ಬೇಡವೇ ಬೇಡ. ಅದರ ಚೂರು ವರ್ಷಗಟ್ಟಲೆ ಕಾಲಿಗೆ ಚುಚ್ಚುತ್ತದೆ. ಕಬ್ಬಿಣದ ತಗಡು, ಕಲ್ಲು ಇವುಗಳಿಗೆ ಬಡಿದ ಚರೆ ಹೊಡೆದವನತ್ತಲೇ ಚಿಮ್ಮುತ್ತದೆ. ಬಣ್ಣಕ್ಕೆಂದು ಬ್ಯಾಡಗಿ ಮೆಣಸಿನಪುಡಿ ತುಂಬುವ ಯೋಚನೆಯೂ ಸಲ್ಲದು. ಖಾರ ಕಡಿಮೆಯೆಂದರೂ ಗಾಳಿಗೆ ಹಾರಿದರೆ ಕಣ್ಣು ಉರಿಯುತ್ತದೆ.

ಸ್ಥಳ ಮತ್ತು ಕಾನೂನು

ಸ್ಪರ್ಧೆಯ ತೋಟಾದಲ್ಲಿ ಸುಮಾರು 24 ಗ್ರಾಂ ಸೀಸದ ಚರೆ ಇರುತ್ತದೆ. 25 ಬಿಲ್ಲೆಗಳ ಸುತ್ತಿಗೆ ತಲಾ ಒಂದರಂತೆ ತೋಟಾ ಹಾರಿಸಿದರೂ 600 ಗ್ರಾಂ ಸೀಸ ನೆಲಕ್ಕೆ ಬೀಳುತ್ತದೆ. ಹತ್ತು ಮಂದಿ ಸೇರಿದರೆ ಒಂದೇ ದಿನಕ್ಕೆ 6 ಕಿಲೋ. ಸಾಂಬಾರ ಪದಾರ್ಥಗಳಲ್ಲಿ ಸೀಸದ ಅಂಶಕ್ಕೆ ಆಹಾರ ಸುರಕ್ಷತಾ ನಿಯಮಗಳು ಮಿತಿ ಹಾಕಿವೆ. ಆದ್ದರಿಂದ ಮೆಣಸಿನಕಾಯಿ ಬೆಳೆಯುವ ಹೊಲವನ್ನು, ಒಣಹಾಕುವ ಕಣವನ್ನು ಅಭ್ಯಾಸದ ತಾಣವಾಗಿಸುವುದು ತಮ್ಮ ಸರಕಿಗೆ ತಾವೇ ಕಳಂಕ ತಂದುಕೊಂಡಂತೆ. ಸಣ್ಣ ಚರೆ ಸಹ 200 ಮೀಟರ್ ದೂರ ಹೋಗಬಲ್ಲದು ಎಂಬುದನ್ನೂ ಮರೆಯಬಾರದು.

ರಾಣೆಬೆನ್ನೂರಿನಲ್ಲಿ 119 ಚ.ಕಿ.ಮೀ. ವಿಸ್ತೀರ್ಣದ ಕೃಷ್ಣಮೃಗ ಅಭಯಾರಣ್ಯವಿದೆ. ಅನುಮತಿಯಿಲ್ಲದೆ ಅದರೊಳಗೆ ಆಯುಧ ಒಯ್ಯುವುದೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಗುಂಡು ಹಾರಿಸುವ ಮೈದಾನಕ್ಕೂ ಪರವಾನಗಿ ಬೇಕು. 2019ರ ತಿದ್ದುಪಡಿಯಂತೆ ಸಂಭ್ರಮಕ್ಕೆಂದು ಅಥವಾ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ದೊರೆತಿರುವ ಪರವಾನಗಿ ವಿನಾಯಿತಿ ಈ ಜಿಲ್ಲೆಯವರಿಗೆ ಅನ್ವಯಿಸದು. ಆದುದರಿಂದ ಅಭ್ಯಾಸಕ್ಕೆ ಮುನ್ನ ತಮ್ಮ ಪರವಾನಗಿಯ ಷರತ್ತುಗಳನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಸಣ್ಣ ಉದ್ದಿಮೆಗೆ

ಗುರಿವಸ್ತು ಒಮ್ಮೆ ಬಳಸಿದರೆ ಮುಗಿಯುವ ಸರಕು. ಅಭ್ಯಾಸ ನಡೆಯುವಷ್ಟು ಕಾಲವೂ ಬೇಡಿಕೆ ಮರುಕಳಿಸುತ್ತದೆ. ಅಚ್ಚು, ಒತ್ತುಯಂತ್ರ ಮತ್ತು ಕಾಯಿಸುವ ಪಾತ್ರೆ ಇದರ ಮುಖ್ಯ ಸಲಕರಣೆಗಳು. ಸುಣ್ಣಕಲ್ಲು ಬಾಗಲಕೋಟೆ ಜಿಲ್ಲೆಯಲ್ಲಿ ದೊರೆಯುತ್ತದೆ. ಕಲ್ಲಿದ್ದಲು ಡಾಂಬರಿನ ಚೂರು ತಿಂದ ಹಂದಿಗಳು ಸತ್ತ ಪ್ರಸಂಗಗಳು ವಿದೇಶಗಳಲ್ಲಿ ದಾಖಲಾಗಿವೆ. ಹೀಗಾಗಿ ಅಲ್ಲಿನ ತಯಾರಕರು ಮಣ್ಣಿನಲ್ಲಿ ಬೆರೆಯುವ ಅಂಟುಗಳತ್ತ ಹೊರಳಿದ್ದಾರೆ. ಹೊಸದಾಗಿ ತೊಡಗುವವರು ಅಲ್ಲಿಂದಲೇ ಆರಂಭಿಸುವುದು ಲೇಸು. ಆದರೆ ಮೊದಲು ರಾಜ್ಯದ ಮೈದಾನಗಳು ಮತ್ತು ರೈಫಲ್ ಸಂಸ್ಥೆಗಳು ತಿಂಗಳಿಗೆ ಎಷ್ಟು ಬಿಲ್ಲೆ ಕೊಳ್ಳುತ್ತವೆಂದು ವಿಚಾರಿಸಿ, ಮಾದರಿಗಳನ್ನು ಅವರ ಯಂತ್ರದಲ್ಲೇ ಎಸೆದು ಪರೀಕ್ಷಿಸಿ, ನಂತರವೇ ಬಂಡವಾಳ ತೊಡಗಿಸಬೇಕು.