ಮಸೂರಗಳ ಕೂಳೆ ಬೆಳೆಯೂ ಹೊಸ ನಾಟಿಯೂ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರಗಳ ನೆತ್ತಿಯ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿ ಸಾಕುವ ದಿನಗಳಲ್ಲಿ, ಅವುಗಳ ಚಿತ್ರ ತೆಗೆಯಲೆಂದು ಬರುವವರ ಕೈಯಲ್ಲಿ ಕ್ಯಾಮೆರಾ ಹೊಸದಾಗಿದ್ದು ಅದರ ಮುಂದಿನ ಉದ್ದನೆಯ ಲೆನ್ಸು ಹತ್ತು ಹದಿನೈದು ವರ್ಷ ಹಳೆಯದಾಗಿರುವುದು ಅಪರೂಪವೇನಲ್ಲ. ಕ್ಯಾಮೆರಾದ ಒಡಲು ವಿದ್ಯುನ್ಮಾನ ಯಂತ್ರವಾದುದರಿಂದ ಕೆಲವೇ ವರ್ಷಗಳಲ್ಲಿ ಮುಪ್ಪಾಗುತ್ತದೆ. ಬೆಳಕಿನ ನಿಯಮಕ್ಕೆ ಬದ್ಧವಾದ ಮಸೂರವಾದರೋ ಬಹುಕಾಲ ಬಾಳುತ್ತದೆ. ತಯಾರಕರು ಹೊಸ ಮಸೂರಗಳನ್ನು ಎಷ್ಟು ಕಾಲಕ್ಕೊಮ್ಮೆ ಹೊರತರುತ್ತಾರೆಂಬ ಪ್ರಶ್ನೆಗೆ ಉತ್ತರವನ್ನು ಈ ಭೇದದಲ್ಲಿಯೇ ಅರಸಬೇಕು.

ಸುಮಾರು ಒಂದೂ ಕಾಲು ಮೀಟರಿನಿಂದ ಒಂದೂವರೆ ಮೀಟರಿನಷ್ಟು ಉದ್ದ ಬೆಳೆಯುವ ಹೆಜ್ಜಾರ್ಲೆಯೊಂದು 40 ಮೀಟರು ದೂರದ ಕೊಂಬೆಯಲ್ಲಿ ಕುಳಿತಿದೆಯೆಂದು ಭಾವಿಸೋಣ. ಅದರ ಉದ್ದವನ್ನು 1.4 ಮೀಟರೆಂದು ಹಿಡಿದರೆ, 400 ಮಿಲಿಮೀಟರು ಸಂಗಮದೂರದ ಮಸೂರವು ಅದರ ಬಿಂಬವನ್ನು 14 ಮಿಲಿಮೀಟರಿನಷ್ಟು ದೊಡ್ಡದಾಗಿ ಮೂಡಿಸುತ್ತದೆ, 50 ಮಿಲಿಮೀಟರಿನದು ಎರಡು ಮಿಲಿಮೀಟರನ್ನೂ ಮುಟ್ಟಿಸಲಾರದು. ಈ ಲೆಕ್ಕವು ಅರ್ಧಶತಮಾನದ ಹಿಂದೆ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ 1902ರಲ್ಲಿಯೇ ಜರ್ಮನಿಯ ಝೈಸ್ ಸಂಸ್ಥೆಯ ಪಾಲ್ ರುಡಾಲ್ಫನು ನಾಲ್ಕೇ ಗಾಜುಗಳ ಟೆಸ್ಸಾರ್ ಮಸೂರವನ್ನು ರಚಿಸಿದನು. ನಿಕಾನ್ ಸಂಸ್ಥೆಯು 2001ರಲ್ಲಿ, ಎಂದರೆ ಒಂದು ಶತಮಾನವೇ ಉರುಳುತ್ತಿದ್ದ ಕಾಲದಲ್ಲಿ, ಅದೇ ವಿನ್ಯಾಸದ ಮಸೂರವೊಂದನ್ನು ಹೊಸದಾಗಿ ಮಾರುಕಟ್ಟೆಗೆ ತಂದಿತು.

ಹಾಗಾದರೆ ಹೊಸತು ಹುಟ್ಟುವುದು ಹೇಗೆ? ಮಂಡ್ಯದ ರೈತನಿಗೆ ಕಬ್ಬಿನಲ್ಲಿ ಹೊಸ ನಾಟಿಯೂ ಗೊತ್ತು, ಕಟಾವಾದ ಬುಡದಿಂದಲೇ ಚಿಗುರುವ ಕೂಳೆ ಬೆಳೆಯೂ ಗೊತ್ತು. ಮಸೂರಗಳಲ್ಲಿಯೂ ಇಂತಹ ಎರಡು ಬಗೆಗಳುಂಟು. ಮದುವೆಯ ಚಿತ್ರ ತೆಗೆಯುವವರಿಗೆ ಚಿರಪರಿಚಿತವಾದ, ಕ್ಯಾನನ್ನಿನ ಅಗ್ಗದ 50 ಮಿಲಿಮೀಟರು ಲೆನ್ಸು 1987ರಲ್ಲಿ ಬಂದಿತು. 1990ರಲ್ಲಿ ಅದರ ಕವಚ ಹಗುರವಾಯಿತು. ಮತ್ತೆ 25 ವರ್ಷಗಳ ತರುವಾಯ, 2015ರಲ್ಲಿ, ಅದರ ಮೋಟಾರೂ ಗಾಜಿನ ಲೇಪವೂ ಸುಧಾರಿಸಿದವು. ಆದರೆ ಒಳಗಿನ ಆರು ಗಾಜುಗಳ ಜೋಡಣೆ ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯಿತು. ಇದು ಕೂಳೆ.

ಇಂತಹ ಪರಿಷ್ಕರಣಗಳಿಂದ ಲಾಭವಿಲ್ಲವೆಂದು ತಿಳಿಯಬಾರದು. ಪಕ್ಷಿಪ್ರಿಯರು ಮೆಚ್ಚಿದ ಕ್ಯಾನನ್ನಿನ 100–400 ಮಿಲಿಮೀಟರು ಝೂಮ್ ಲೆನ್ಸು 1998ರಲ್ಲಿ ಬಂದು, 16 ವರ್ಷ ಕಳೆದ ಮೇಲೆ, 2014ರಲ್ಲಿ, ಪುನರ್ರಚನೆಗೊಂಡಿತು. ಮೊದಲನೆಯದು ಕೈನಡುಕವನ್ನು ಸುಮಾರು ಎರಡು ಸ್ಟಾಪಿನಷ್ಟು ತಡೆಯುತ್ತಿತ್ತು, ಎರಡನೆಯದು ನಾಲ್ಕು ಸ್ಟಾಪಿನಷ್ಟು ತಡೆಯುತ್ತದೆ. ಒಂದೊಂದು ಸ್ಟಾಪಿಗೂ ಬೆಳಕು ಪಡೆಯುವ ಅವಧಿ ಇಮ್ಮಡಿಯಾಗುವುದರಿಂದ, ಹಿಂದೆ ನಾಲ್ಕುಪಟ್ಟು ನಿಧಾನವಾಗಿ ಷಟರು ತೆರೆಯಬಹುದಾಗಿದ್ದಲ್ಲಿ ಈಗ ಹದಿನಾರುಪಟ್ಟು ನಿಧಾನಿಸಬಹುದು. ಮುಂಜಾವದ ಮಸುಕಿನಲ್ಲಿ ಗೂಡಿನ ಮೇಲೆ ನಿಶ್ಚಲವಾಗಿ ಕುಳಿತ ಹಕ್ಕಿಗೆ ಇದು ವರವೇ ಸರಿ. ರೆಕ್ಕೆ ಬಡಿದು ಹಾರುವ ಹಕ್ಕಿಗಾದರೆ ಪ್ರಯೋಜನ ಸ್ವಲ್ಪ, ಏಕೆಂದರೆ ಈ ಉಪಾಯವು ನಿಲ್ಲಿಸುವುದು ನಮ್ಮ ಕೈಯ ಚಲನೆಯನ್ನೇ ಹೊರತು ಹಕ್ಕಿಯ ಚಲನೆಯನ್ನಲ್ಲ.

ಹೊಸ ನಾಟಿಯ ಕಾಲವು ಬರುವುದು, ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಮೌಂಟು ಬದಲಾದಾಗ. ಕ್ಯಾನನ್ ಸಂಸ್ಥೆ 1987ರಲ್ಲೊಮ್ಮೆ, 2018ರಲ್ಲೊಮ್ಮೆ ಅದನ್ನು ಬದಲಿಸಿತು; ನಿಕಾನ್ ಸಂಸ್ಥೆ 1959ರ ಮೌಂಟಿನ ಪಕ್ಕದಲ್ಲಿ 2018ರಲ್ಲಿ ಇನ್ನೊಂದನ್ನು ನಿಲ್ಲಿಸಿತು. ಕ್ಯಾಮೆರಾದೊಳಗಿನ ಕನ್ನಡಿ ಇಲ್ಲವಾದುದೇ 2018ರ ಬದಲಾವಣೆಗೆ ಕಾರಣ. ಕನ್ನಡಿ ಮೇಲೇಳಲು ಎಡೆ ಬೇಕಾಗಿದ್ದುದರಿಂದ ಕ್ಯಾನನ್ನಿನಲ್ಲಿ ಮೌಂಟಿಗೂ ಸೆನ್ಸರಿಗೂ ನಡುವೆ 44 ಮಿಲಿಮೀಟರು ಅಂತರವಿತ್ತು. ಅದು 20ಕ್ಕೆ ಇಳಿಯಿತು. ಗಗನಚುಕ್ಕಿಯ ಬಂಡೆಗಳನ್ನೂ ಕವಲೊಡೆದು ಧುಮುಕುವ ಕಾವೇರಿಯನ್ನೂ ಒಂದೇ ನೋಟದಲ್ಲಿ ಹಿಡಿಯುವ ವಿಶಾಲಕೋನ ಮಸೂರದ ಸಂಗಮದೂರವು ಆ ಹಳೆಯ ಅಂತರಕ್ಕಿಂತ ಕಡಿಮೆಯಾದುದರಿಂದ, ಬಿಂಬವನ್ನು ಹಿಂದಕ್ಕೆ ತಳ್ಳಲೆಂದೇ ಹೆಚ್ಚಿನ ಗಾಜುಗಳನ್ನು ಸೇರಿಸಬೇಕಾಗಿತ್ತು. ಆ ನಿರ್ಬಂಧ ಸಡಿಲವಾದೊಡನೆ ವಿನ್ಯಾಸಕಾರರಿಗೆ ಹೊಸ ದಾರಿ ತೆರೆಯಿತು, ಸಾಲುಸಾಲಾಗಿ ಹೊಸ ಮಸೂರಗಳು ಬಂದವು. ಉದ್ದನೆಯ ಮಸೂರಗಳಿಗೆ ಮೊದಲಿನಿಂದಲೂ ಈ ತೊಡಕು ಇರಲಿಲ್ಲ. ಉಳಿದ 24 ಮಿಲಿಮೀಟರನ್ನು ತುಂಬುವ ಅಡಾಪ್ಟರು ಸಿಕ್ಕಿಸಿದರೆ ಹಳೆಯ ಕ್ಯಾನನ್ ಲೆನ್ಸುಗಳು ಹೊಸ ಕ್ಯಾಮೆರಾದಲ್ಲಿಯೂ ಚೆನ್ನಾಗಿ ದುಡಿಯುತ್ತವೆ.

ಆದುದರಿಂದ ಮಂಡ್ಯ ಮಳವಳ್ಳಿಗಳ ಸ್ಟುಡಿಯೋದಲ್ಲಿ ಕಸುಬು ಕಲಿಯುತ್ತಿರುವ ತರುಣರು ಹೊಸ ಲೆನ್ಸಿನ ಪ್ರಕಟಣೆ ಕಂಡಾಗ ಮೊದಲು ಕೇಳಬೇಕಾದುದು, ಬದಲಾದದ್ದು ಗಾಜಿನ ಜೋಡಣೆಯೋ, ಮೋಟಾರೋ, ಬರಿಯ ಕವಚವೋ ಎಂಬುದನ್ನು. ಅನಂತರ, ಅದು ನೀಗುವ ದೋಷವು ತಾವು ತೆಗೆದ ಚಿತ್ರಗಳಲ್ಲಿ ನಿಜವಾಗಿಯೂ ಉಂಟೋ ಎಂಬುದನ್ನು. ಉಂಟಾದರೆ ಕೊಳ್ಳುವುದು ವಿವೇಕ. ಇಲ್ಲವಾದರೆ ಕೈಯಲ್ಲಿರುವ ಮಸೂರವನ್ನು ಧೂಳಿನಿಂದಲೂ ಬೂಷ್ಟಿನಿಂದಲೂ ಕಾಪಾಡಿಕೊಂಡು ಇನ್ನೊಂದು ದಶಕ ದುಡಿಸಿಕೊಳ್ಳುವುದೇ ಲೇಸು.